ಗುಡ್ಡದಲ್ಲಿ ಬಿದ್ದವರಿಗೆ ಮೊದಲ ಒಂದು ತಾಸು: ಅಡವಿಯ ಪ್ರಥಮ ಚಿಕಿತ್ಸೆ ಕಲಿಯೋದು ಹೇಗೆ

ನಾಲ್ಕು ವರ್ಷದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಸಾಣಾಪುರದ ಹಿಂದಿನ ಬಂಡೆಗಳಲ್ಲಿ ನನ್ನ ಗೆಳೆಯ ಜಾರಿ ಬಿದ್ದ. ದೊಡ್ಡ ಎತ್ತರವೇನಲ್ಲ, ಆಳೆತ್ತರಕ್ಕೂ ಕಡಿಮೆ. ಎರಡು ಗುಂಡುಕಲ್ಲುಗಳ ಸಂದಿಯಲ್ಲಿ ಕಾಲು ಸಿಕ್ಕಿತು, ಮೈ ಒಂದು ಕಡೆ ತಿರುಗಿತು, ಪಾದ ಅಲ್ಲೇ ಉಳಿಯಿತು. ನಾವು ಐದು ಜನ ಇದ್ದೆವು. ನನ್ನ ಚೀಲದಲ್ಲಿ ಕೆಂಪು ಪ್ಲಸ್ ಗುರುತಿನ ಒಂದು ಡಬ್ಬಿ ಇತ್ತು. ಅದರಲ್ಲಿ ಬ್ಯಾಂಡೇಡ್, ಹತ್ತಿ, ಡೆಟಾಲ್, ನೋವಿಗೆ ಹೊಡೆಯುವ ಸ್ಪ್ರೇ. ಡಬ್ಬಿ ತೆಗೆದು ನೋಡಿದೆ, ಮುಚ್ಚಿದೆ. ಅದರಲ್ಲಿದ್ದ ಯಾವುದೂ ಆ ಕಾಲಿಗೆ ಸಂಬಂಧಪಟ್ಟದ್ದಾಗಿರಲಿಲ್ಲ.

ಆಮೇಲೆ ಮಾಡಬಾರದ್ದನ್ನೆಲ್ಲ ಮಾಡಿದೆವು. ಒಬ್ಬ ಶೂ ಎಳೆದ. ಇನ್ನೊಬ್ಬ ಪಾದ ತಿಕ್ಕಿದ. ನಾನು, "ಏಳಪಾ, ಉಳುಕಿರ್ಬೇಕು, ನಾಕ್ ಹೆಜ್ಜಿ ಹಾಕಿ ನೋಡು" ಅಂದೆ. ಅವನು ಎದ್ದ, ಒಂದು ಹೆಜ್ಜೆ ಇಟ್ಟ, ಕಣ್ಣು ಕತ್ತಲೆ ಬಂದು ನನ್ನ ಮೇಲೇ ಕುಸಿದ. ಅವನನ್ನು ಹೆಗಲ ಮೇಲೆ ಹೊತ್ತು, ಇಳಿಸಿ, ಮತ್ತೆ ಹೊತ್ತು ಡಾಂಬರು ರಸ್ತೆಗೆ ಬರುವಷ್ಟರಲ್ಲಿ ಎರಡೂವರೆ ತಾಸು ಆಗಿತ್ತು. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಕೇಳಿದ್ದು ಸಣ್ಣ ಸಣ್ಣ ಪ್ರಶ್ನೆ. ಎಷ್ಟೊತ್ತಿಗೆ ಬಿದ್ದದ್ದು? ಬಿದ್ದ ಕೂಡಲೇ ಬೆರಳು ಆಡುತ್ತಿದ್ದವಾ? ಏನು ತಿಂದಿದ್ದಾನೆ, ಯಾವ ಮಾತ್ರೆ ಕೊಟ್ಟಿರಿ? ಐದು ಜನ ಇದ್ದೆವಲ್ಲ, ಒಬ್ಬನಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಮಾತ್ರೆ ಕೊಟ್ಟವನು ನಾನೇ. ಹೆಸರು ನೆನಪಿರಲಿಲ್ಲ.

ಆ ಉತ್ತರಗಳನ್ನು ಗುಡ್ಡದ ಮೇಲೇ ಹುಡುಕಿ ಬರೆದಿಟ್ಟುಕೊಳ್ಳುವ ಅಭ್ಯಾಸ, ಅದೇ ಈ ತರಬೇತಿಯ ಮುಕ್ಕಾಲು ಪಾಲು. ಪಟ್ಟಿ ಕಟ್ಟೋದು ಉಳಿದ ಕಾಲು ಪಾಲು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹುಡುಗರನ್ನು ಕಟ್ಟಿಕೊಂಡು ಗುಡ್ಡ ಹತ್ತುವವರು, ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರು, ಹರಗೋಲು ಹಾಕುವವರು, ಹೋಂಸ್ಟೇ ನಡೆಸುವವರು, ಎಲ್ಲರಿಗೂ ಇದು ಬೇಕು.

ಊರಿನ ಪ್ರಥಮ ಚಿಕಿತ್ಸೆಗೂ ಇದಕ್ಕೂ ಏನು ವ್ಯತ್ಯಾಸ

ಊರಿನ ಪ್ರಥಮ ಚಿಕಿತ್ಸೆಯಲ್ಲಿ ಒಂದು ನಂಬಿಕೆ ಇರುತ್ತದೆ: 108ಕ್ಕೆ ಫೋನ್ ಮಾಡಿದ್ದೀವಿ, ಗಾಡಿ ಬರುತ್ತದೆ, ಅಲ್ಲಿವರೆಗೆ ಕಾಯೋಣ. ಅಡವಿಯಲ್ಲಿ ಆ ನಂಬಿಕೆ ಇಲ್ಲ. ಡಾಕ್ಟರ ಕೈಗೆ ತಲುಪಲು ಒಂದು ತಾಸಿಗಿಂತ ಜಾಸ್ತಿ ಹಿಡಿಯುವ ಜಾಗ ಅಂದರೆ ಅಡವಿ, ಇದು ಈ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಹಾಕುವ ಗೆರೆ. ಅದಕ್ಕೆ ಹಿಮಾಲಯವೇ ಬೇಕಿಲ್ಲ. ಆನೆಗೊಂದಿಯ ಗುಡ್ಡದ ನೆತ್ತಿಯಿಂದ ಕೆಳಗಿನ ಭತ್ತದ ಗದ್ದೆ, ರಸ್ತೆ, ಬಸ್ಸು ಎಲ್ಲ ಕಣ್ಣಿಗೆ ಕಾಣುತ್ತವೆ. ಗಟ್ಟಿ ಕಾಲಿನವನು ಅರ್ಧ ತಾಸಿನಲ್ಲಿ ಇಳಿದು ಚಹಾ ಕುಡಿಯಬಹುದು. ಕಾಲು ಮುರಿದವನನ್ನು ಇಳಿಸಲು ಅರ್ಧ ದಿನ ಬೇಕು. ಕಾಣುವ ರಸ್ತೆಯನ್ನು ನಂಬಿಯೇ ನಾವೆಲ್ಲ ಕೆಡೋದು.

ಕೋರ್ಸುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಇದು ಬೇರೆಯದೇ ವಿದ್ಯೆಯಾಗಿ ಬೆಳೆದಿದೆ, ವೈಲ್ಡರ್ನೆಸ್ ಮೆಡಿಕಲ್ ಸೊಸೈಟಿ ಅನ್ನುವ ಸಂಘ 1983ರಲ್ಲೇ ಶುರುವಾಗಿದೆ. ಅಲ್ಲಿಂದ ಬಂದ ಎರಡು ಹಂತ ಎಲ್ಲ ಕಡೆ ಚಾಲ್ತಿಯಲ್ಲಿವೆ. ಮೊದಲನೆಯದು ವೈಲ್ಡರ್ನೆಸ್ ಫಸ್ಟ್ ಏಡ್, ಎರಡು ದಿನ, ಸುಮಾರು 16 ತಾಸು. ಎರಡನೆಯದು ವೈಲ್ಡರ್ನೆಸ್ ಫಸ್ಟ್ ರೆಸ್ಪಾಂಡರ್, ಎಂಟರಿಂದ ಹತ್ತು ದಿನ, 70ರಿಂದ 80 ತಾಸು. ನಮ್ಮ ದೇಶದಲ್ಲಿ ಮಸ್ಸೂರಿಯ ಹನೀಫ್ಲ್ ಸೆಂಟರ್ ಈ ಥರದ ಕೋರ್ಸು ನಡೆಸುತ್ತದೆ. ದುಡ್ಡು ಪಡೆದು ಜನರನ್ನು ಗುಡ್ಡಕ್ಕೆ ಕರೆದೊಯ್ಯುವವರು ದೊಡ್ಡ ಕೋರ್ಸನ್ನೇ ಮಾಡಬೇಕು ಅಂತ ನನ್ನ ಅಭಿಪ್ರಾಯ, ಖರ್ಚಾದರೂ ಸರಿ. ಮಿಕ್ಕವರು ಮೊದಲು ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನವರ ಸಾದಾ ಪ್ರಥಮ ಚಿಕಿತ್ಸೆ ತರಬೇತಿ ಮುಗಿಸಿ. ಅಲ್ಲಿ ಗೊಂಬೆಯ ಎದೆ ಒತ್ತಿಸುತ್ತಾರಾ ಅಂತ ಕೇಳಿಯೇ ಸೇರಿ. ವಿಡಿಯೋ ನೋಡಿ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿಕೊಳ್ಳುವ ಕೋರ್ಸಿಗೆ ಒಂದು ರೂಪಾಯಿನೂ ಕೊಡಬೇಡಿ. ಎದೆ ಎಷ್ಟು ಆಳ ಒತ್ತಬೇಕು ಅನ್ನೋದು ಅಂಗೈಗೆ ಗೊತ್ತಾಗಬೇಕು, ಫೋನಿನ ಪರದೆ ನೋಡಿದರೆ ಗೊತ್ತಾಗಲ್ಲ.

ಅದಾದ ಮೇಲೆ ತಿಂಗಳಿಗೊಂದು ಭಾನುವಾರ, ನಿಮ್ಮದೇ ಗುಂಪು, ನಿಮ್ಮದೇ ಗುಡ್ಡ. ಇನ್ನು ಮುಂದೆ ಬರೆದದ್ದೆಲ್ಲ ಆ ಭಾನುವಾರದ ಬಗ್ಗೆ.

ಸುಳ್ಳು ರೋಗಿ, ನಿಜವಾದ ಗಡಿಯಾರ

ಅಭ್ಯಾಸಕ್ಕೆ ಬೇಕಾದದ್ದು ಒಂದು ರೋಗಿ, ಒಂದು ಚೀಟಿ, ಒಂದು ಗಡಿಯಾರ. ಹಿಂದಿನ ರಾತ್ರಿ ಒಬ್ಬರು ಚೀಟಿ ಬರೆದಿಡಬೇಕು: "ಬಂಡೆಯಿಂದ ಬಿದ್ದಿದ್ದೀಯ. ಎಡ ಮುಂಗೈ ಮುರಿದಿದೆ, ಅದನ್ನೇ ಹಿಡಿದುಕೊಂಡು ಚೀರು. ಬೆನ್ನಿನ ಕೆಳಗೆ ಗಾಯ ಇದೆ, ಯಾರಾದರೂ ಕೈ ಹಾಕಿ ನೋಡುವವರೆಗೂ ಹೇಳಬೇಡ. ಸಕ್ಕರೆ ಕಾಯಿಲೆ ಇದೆ, ಕೇಳಿದರೆ ಮಾತ್ರ ಹೇಳು." ಬೆನ್ನಿನ ಕೆಳಗೆ ಅಂಗಿಗೆ ನೀರಲ್ಲಿ ಕಲಸಿದ ಕುಂಕುಮ ಹಚ್ಚಿ. ರೋಗಿಯನ್ನು ಬಂಡೆಗಳ ನಡುವೆ ಮಲಗಿಸಿ, ಮಿಕ್ಕವರನ್ನು ನೂರು ಹೆಜ್ಜೆ ದೂರದಿಂದ ಕೂಗಿ ಕರೆಯಿರಿ.

ಮೊದಲ ಸಲ ಎಲ್ಲರೂ ಓಡಿಬರುತ್ತಾರೆ. ಅದೇ ಮೊದಲ ತಪ್ಪು. ಹತ್ತು ಹೆಜ್ಜೆ ಮುಂಚೆ ನಿಲ್ಲಬೇಕು, ಮೇಲೆ ನೋಡಬೇಕು, ಕೆಳಗೆ ನೋಡಬೇಕು. ಮೇಲಿನ ಬಂಡೆಯ ಹೊಟ್ಟೆಗೆ ಹೆಜ್ಜೇನು ಕಟ್ಟಿದೆಯಾ, ಕಲ್ಲು ಅಲುಗಾಡುತ್ತಿದೆಯಾ, ಸಂದಿಯಲ್ಲಿ ಹಾವು ಇದೆಯಾ. ನಾವೂ ಬಿದ್ದರೆ ರೋಗಿಗಳು ಇಬ್ಬರಾಗುತ್ತಾರೆ. ಹತ್ತಿರ ಹೋಗುವಾಗ ಮುಂದಿನಿಂದ ಹೋಗಿ, ಅವರ ಕಣ್ಣಿಗೆ ಬೀಳುವ ಹಾಗೆ. ಹೆಸರು ಹೇಳಿ, "ಅಲ್ಲಾಡಬ್ಯಾಡ್ರಿ, ನಾವು ಅದೀವಿ" ಅನ್ನಿ. ಹಿಂದಿನಿಂದ ಕರೆದರೆ ಕುತ್ತಿಗೆಗೆ ಪೆಟ್ಟಾದವರು ಕೂಡ ತಟ್ಟನೆ ತಿರುಗಿಬಿಡುತ್ತಾರೆ.

ಆಮೇಲಿನ ಕ್ರಮ ಬಾಯಿಪಾಠ ಆಗಬೇಕು. ಜೀವ ತೆಗೆಯುವ ರಕ್ತ ಸುರಿಯುತ್ತಿದೆಯಾ? ಇದ್ದರೆ ಅಲ್ಲೇ ಬಟ್ಟೆ ಇಟ್ಟು ಒತ್ತಿ, ತೆಗೆದು ತೆಗೆದು ನೋಡದೆ ಹತ್ತು ನಿಮಿಷ. ಉಸಿರಿನ ದಾರಿ ತೆರೆದಿದೆಯಾ? ಮಾತಾಡುತ್ತಿದ್ದರೆ ತೆರೆದಿದೆ. ಉಸಿರು ಸಲೀಸಾಗಿದೆಯಾ? ನಾಡಿ ಸಿಗುತ್ತಿದೆಯಾ? ಕುತ್ತಿಗೆ, ಬೆನ್ನು ಅಲುಗಿಸದೆ ಇಟ್ಟಿದ್ದೀವಾ? ಬಿಸಿಲಲ್ಲಿ ಬಂಡೆ ಮೇಲೆ ಮಲಗಿಸಿದ್ದೀವಾ? ನಮ್ಮ ಕಡೆ ಈ ಕೊನೆಯ ಪ್ರಶ್ನೆ ಯಾರಿಗೂ ನೆನಪಾಗಲ್ಲ. ಏಪ್ರಿಲ್ ಬಿಸಿಲಲ್ಲಿ ಕಾದ ಬಂಡೆ ರೊಟ್ಟಿ ಹಂಚು ಇದ್ದ ಹಾಗೆ. ರೋಗಿಯ ಮೈಕೆಳಗೆ ಕಂಬಳಿ ತೂರಿಸೋದೂ ಚಿಕಿತ್ಸೆಯೇ.

ಇದೆಲ್ಲ ಒಂದೆರಡು ನಿಮಿಷದ ಕೆಲಸ. ಇವುಗಳಲ್ಲಿ ಯಾವುದೂ ಕೆಟ್ಟಿಲ್ಲ ಅಂದರೆ ಅವಸರ ಮುಗಿಯಿತು. ಈಗ ನಿಧಾನಕ್ಕೆ ತಲೆಯಿಂದ ಪಾದದವರೆಗೆ ಕೈ ಹಾಕಿ, ಒತ್ತಿ, ಕೇಳಿ. ಕೂದಲ ಒಳಗೆ, ಕಿವಿ, ದವಡೆ, ಕುತ್ತಿಗೆಯ ಹಿಂದೆ, ಹೆಗಲು, ಪಕ್ಕೆಲುಬು, ಹೊಟ್ಟೆ, ಸೊಂಟ, ಬೆನ್ನ ಕೆಳಗೆ, ತೊಡೆ, ಕಾಲು. ಪ್ರತಿ ಸಲ ಕೈ ಹೊರಗೆ ತೆಗೆದು ರಕ್ತ ಹತ್ತಿದೆಯಾ ನೋಡಿ. ನಮ್ಮ ಗುಂಪು ಆ ಕುಂಕುಮ ಹಚ್ಚಿದ ಜಾಗವನ್ನು ಮೊದಲ ಮೂರು ಅಭ್ಯಾಸದಲ್ಲೂ ತಪ್ಪಿಸಿಕೊಂಡಿತು. ಎಲ್ಲರ ಕಣ್ಣೂ ಚೀರುವ ಕೈ ಮೇಲೆ. ರೋಗಿ ಹೆಂಗಸಾದರೆ ಗುಂಪಿನ ಹೆಂಗಸರೇ ನೋಡಲಿ. ಯಾರೂ ಇಲ್ಲದಿದ್ದರೆ ಏನು ಮಾಡುತ್ತೀವಿ ಅಂತ ಹೇಳಿ, ಒಪ್ಪಿಗೆ ಕೇಳಿ, ಇನ್ನೊಬ್ಬರ ಎದುರೇ ನೋಡಿ. ಸಂಕೋಚಕ್ಕೆ ಬಿಟ್ಟರೆ ಗಾಯ ಸಂಕೋಚ ಪಡಲ್ಲ.

ನಾಡಿ ಎಣಿಸೋದಕ್ಕೆ ಹೆಬ್ಬೆರಳು ಬಳಸಬೇಡಿ, ನಿಮ್ಮದೇ ನಾಡಿ ಸಿಕ್ಕೀತು. ಎರಡು ಬೆರಳು, ಮಣಿಕಟ್ಟಿನ ಹೆಬ್ಬೆರಳ ಬದಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ಕೂತ ದೊಡ್ಡವರಿಗೆ 60ರಿಂದ 100, ಉಸಿರು ನಿಮಿಷಕ್ಕೆ 12ರಿಂದ 20. ಒಂದು ಸಲದ ಲೆಕ್ಕದಿಂದ ಏನೂ ತಿಳಿಯಲ್ಲ. ಹದಿನೈದು ನಿಮಿಷಕ್ಕೊಮ್ಮೆ ಎಣಿಸಿ ಕೆಳಗೆ ಕೆಳಗೆ ಬರೆಯುತ್ತ ಹೋದರೆ, 88, 96, 112 ಅಂತ ಏರಿದರೆ, ಹೊರಗೆ ರಕ್ತ ಕಾಣದಿದ್ದರೂ ಒಳಗೆ ಏನೋ ಕೆಡುತ್ತಿದೆ ಅಂತ ಗೊತ್ತಾಗುತ್ತದೆ. ಪೆನ್ನಿಗೆ ಕಾಗದ ಸಿಗದಿದ್ದರೆ ರೋಗಿಯ ತೋಳ ಮೇಲೇ ಬರೆಯಿರಿ.

ಆಮೇಲೆ ಪ್ರಶ್ನೆಗಳು: ಈಗ ಎಲ್ಲಿ ನೋವು, ಯಾವುದಕ್ಕಾದರೂ ಅಲರ್ಜಿ ಇದೆಯಾ, ಯಾವ ಮಾತ್ರೆ ನುಂಗುತ್ತೀರಿ, ಹಳೆ ಕಾಯಿಲೆ ಏನು, ಕೊನೆಗೆ ತಿಂದದ್ದು ಕುಡಿದದ್ದು ಯಾವಾಗ, ಬೀಳುವ ಮುಂಚೆ ಏನಾಯಿತು. ಕೊನೆಯದನ್ನು ಬಿಡಬೇಡಿ. ಕಲ್ಲು ಜಾರಿ ಬಿದ್ದವನು ಬೇರೆ, ತಲೆ ತಿರುಗಿ ಬಿದ್ದವನು ಬೇರೆ.

ಜೋಳದ ದಂಟು, ಟವೆಲ್, ರುಮಾಲು

ಮುರಿದ ಕಾಲಿಗೆ ಆಸರೆ ಕಟ್ಟೋದನ್ನು ಕನಿಷ್ಠ ಹತ್ತು ಸಲ ಮಾಡಿ. ಅಂಗಡಿಯ ಸ್ಪ್ಲಿಂಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಒಣಗಿದ ಜೋಳದ ದಂಟು ಏಳೆಂಟು, ಮೊಣಕಾಲಿನ ಕೆಳಗಿನಿಂದ ಹಿಮ್ಮಡಿ ದಾಟುವಷ್ಟು ಉದ್ದಕ್ಕೆ ಮುರಿದುಕೊಳ್ಳಿ. ಮೊದಲು ಕಾಲಿಗೆ ಟವೆಲ್ ಸುತ್ತಿ, ಹರಡಿನ (ಪಾದದ ಕೀಲಿನ) ಎರಡೂ ಬದಿಯ ಎಲುಬು ಮುಚ್ಚುವ ಹಾಗೆ, ಸಂದು ಇರುವ ಕಡೆ ಬಟ್ಟೆ ತುರುಕಿ. ದಂಟುಗಳನ್ನು ಎರಡೂ ಬದಿ ಜೋಡಿಸಿ. ಆಮೇಲೆ ರುಮಾಲು ಹರಿದ ಅಗಲ ಪಟ್ಟಿಯಿಂದ ಮೂರು ಕಡೆ ಕಟ್ಟಿ, ಪಾದದ ಅಡಿಯಿಂದ ಎಂಟರ ಆಕಾರದಲ್ಲಿ ಒಂದು ಸುತ್ತು. ಗಂಟು ದಂಟಿನ ಮೇಲೆ ಬರಲಿ, ಚರ್ಮದ ಮೇಲೆ ಬೇಡ. ಮುರಿದ ಜಾಗದ ಮೇಲಂತೂ ಬೇಡವೇ ಬೇಡ.

ಕಟ್ಟುವ ಮುಂಚೆ ಒಮ್ಮೆ, ಕಟ್ಟಿದ ಮೇಲೆ ಒಮ್ಮೆ, ಆಮೇಲೆ ಮತ್ತೆ ಮತ್ತೆ ಬೆರಳು ನೋಡಿ. ಬೆಚ್ಚಗಿದೆಯಾ? ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ವಾಪಸ್ ಬರುತ್ತದಾ? "ಯಾವ ಬೆರಳು ಮುಟ್ಟಿದೆ ಹೇಳು" ಅಂದರೆ ಹೇಳುತ್ತಾರಾ? ಆಡಿಸುತ್ತಾರಾ? ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಬಿಚ್ಚಿ ಸಡಿಲ ಮಾಡಿ ಕಟ್ಟಿ. ಅಂದು ನನ್ನ ಗೆಳೆಯನ ಶೂ ಎಳೆದದ್ದು ಎಂಥ ದಡ್ಡ ಕೆಲಸ ಅಂತ ನನಗೆ ಗೊತ್ತಾದದ್ದು ಇದನ್ನು ಕಲಿತ ಮೇಲೆ. ಶೂ ಬಿಚ್ಚಲೇಬೇಕಾದರೆ ಲೇಸು ಪೂರ್ತಿ ತೆಗೆಯಿರಿ, ಕಷ್ಟವಾದರೆ ಕತ್ತರಿಸಿ.

ತಲೆಗೆ, ಬೆನ್ನಿಗೆ ಪೆಟ್ಟಿನ ಅನುಮಾನ ಇದ್ದರೆ ಒಬ್ಬರು ತಲೆ ಹಿಡಿದು ಕೂರಬೇಕು, ತಿರುಗಿಸುವಾಗ ಎಲ್ಲರೂ ಒಂದೇ ಎಣಿಕೆಗೆ, ಮರದ ದಿಮ್ಮಿ ಉರುಳಿಸಿದ ಹಾಗೆ. ಎಣಿಸುವವರು ತಲೆ ಹಿಡಿದವರೇ. ಇದನ್ನು ಓದಿ ಕಲಿಯೋಕೆ ಆಗಲ್ಲ, ನಾಲ್ಕು ಜನ ಸೇರಿ ಮಾಡಿ ನೋಡಬೇಕು.

ಬಿಸಿಲು

ನಮ್ಮ ಕಡೆ ಹಾವಿಗೆ ಹೆದರುವಷ್ಟು ಬಿಸಿಲಿಗೆ ಯಾರೂ ಹೆದರಲ್ಲ. ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟೋದು ಮಾಮೂಲಿ. "ನಾವು ಇದರಾಗ ಹುಟ್ಟಿ ಬೆಳದೋರು" ಅಂತ ಎದೆ ತಟ್ಟಿಕೊಳ್ಳುತ್ತೀವಿ. ಅಂಜನಾದ್ರಿಯ 575 ಮೆಟ್ಟಿಲು ಮಧ್ಯಾಹ್ನ ಹನ್ನೆರಡಕ್ಕೆ ಹತ್ತುವವರನ್ನು ನೋಡಿ, ಅರ್ಧ ಜನ ಬರಿಗಾಲು, ಕೆಲವರು ಉಪವಾಸ.

ಸುಸ್ತು, ತಲೆನೋವು, ವಾಂತಿ ಬರೋ ಹಾಗೆ, ಮೈ ಬೆವರು, ಆದರೆ ಮಾತು ಸರಿ ಇದೆ: ಇದು ಬಿಸಿಲ ಬಳಲಿಕೆ. ನೆರಳು, ಗಾಳಿ, ಒಆರ್‌ಎಸ್, ವಿಶ್ರಾಂತಿ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ಹಾಕಿ, ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯಬೇಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಕ್ಕರೆ ಆರು ಚಹಾ ಚಮಚ, ಉಪ್ಪು ಅರ್ಧ ಚಮಚ, ಎರಡೂ ಮಟ್ಟಸವಾಗಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಸಿದರೆ ಮೈಯ ಉಪ್ಪು ಇನ್ನೂ ತೆಳುವಾಗಿ ತೊಂದರೆ ಬೇರೆಯಾಗುತ್ತದೆ. ಚೀಲದಲ್ಲಿ ಮಂಡಕ್ಕಿ ಇರಲಿ, ಖಾರಾ ಇರಲಿ, ನಡುವೆ ನಡುವೆ ತಿನ್ನಿ.

ಮಾತು ತೊದಲಿದರೆ, ಊರ ಹೆಸರು ಕೇಳಿದರೆ ಏನೇನೋ ಹೇಳಿದರೆ, ಸುಮ್ನೆ ಸಿಟ್ಟು ಮಾಡಿದರೆ, ಫಿಟ್ಸ್ ಬಂದರೆ, ಮೈ ಸುಡುತ್ತಿದ್ದರೆ, ಅದು ಬಿಸಿಲಾಘಾತ. ಬೆವರು ನಿಂತಿರಬೇಕು ಅಂತೇನಿಲ್ಲ, ಓಡಿ ಹತ್ತಿ ಬಿದ್ದವರಿಗೆ ಬೆವರು ಇದ್ದೇ ಇರುತ್ತದೆ. ಒಳಗಿನ ತಾಪ 40 ಡಿಗ್ರಿ ದಾಟಿದಾಗ ಮಿದುಳು ಬೇಯತೊಡಗುತ್ತದೆ. ಇಲ್ಲಿ ಒಂದೇ ನಿಯಮ: ಮೊದಲು ತಂಪು, ಆಮೇಲೆ ಸಾಗಾಟ. ಕಾಲುವೆ ಹತ್ತಿರ ಇದ್ದರೆ ತಲೆ ನೀರಿನ ಮೇಲೆ ಹಿಡಿದು ಮೈ ಅದ್ದಿ. ಇಲ್ಲದಿದ್ದರೆ ಎಲ್ಲರ ಬಾಟಲಿ ಮೈಮೇಲೆ ಸುರಿದು, ಬಟ್ಟೆ ಒದ್ದೆ ಮಾಡಿ, ಟವೆಲಿನಿಂದ ಜೋರಾಗಿ ಬೀಸಿ. ಕುಡಿಯೋಕೆ ಇರಲಿ ಅಂತ ನೀರು ಉಳಿಸುತ್ತ ಕೂರಬೇಡಿ. ಎಚ್ಚರ ಇಲ್ಲದವರ ಬಾಯಿಗೆ ಹನಿ ನೀರೂ ಬೇಡ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡಲ್ಲ.

ಹಾವು, ಚೇಳು, ಹೆಜ್ಜೇನು

ಹಾವಿನ ವಿಷಯದಲ್ಲಿ ಕಲಿಯೋದಕ್ಕಿಂತ ಮರೆಯೋದೇ ಜಾಸ್ತಿ. ಬಿಗಿಯಾಗಿ ದಾರ ಕಟ್ಟೋದು, ಬ್ಲೇಡಿನಿಂದ ಕೊಯ್ಯೋದು, ಬಾಯಲ್ಲಿ ಹೀರೋದು, ಕೋಳಿ ಇಡೋದು, ಬೇರು ಅರೆದು ಕುಡಿಸೋದು, ಯಾವುದೂ ಬೇಡ. ದಾರ ಬಿಗಿದರೆ ವಿಷ ಒಂದೇ ಕಡೆ ನಿಂತು ಮಾಂಸ ಕೊಳೆಯಬಹುದು, ಆಸ್ಪತ್ರೆಯಲ್ಲಿ ಬಿಚ್ಚಿದ ಕೂಡಲೇ ಒಮ್ಮೆಗೇ ನುಗ್ಗಬಹುದು.

ಮಾಡಬೇಕಾದದ್ದು ಸ್ವಲ್ಪವೇ. ಹಾವಿನಿಂದ ದೂರ ಸರಿಸಿ ಮಲಗಿಸಿ. ಉಂಗುರ, ಬಳೆ, ಕಾಲುಂಗುರ, ಗಡಿಯಾರ ತೆಗೆಯಿರಿ, ಊದಿಕೊಂಡ ಮೇಲೆ ಬರಲ್ಲ. ಕಚ್ಚಿದ ಕೈ ಕಾಲಿಗೆ ಮುರಿದ ಎಲುಬಿಗೆ ಕಟ್ಟುವ ಹಾಗೆ ಸಡಿಲವಾದ ಆಸರೆ ಕಟ್ಟಿ, ಅಲುಗಾಡಿಸಬೇಡಿ. ನಡೆಸಬೇಡಿ, ಹೊತ್ತು ತನ್ನಿ, ಇಲ್ಲವೇ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ. ಕಚ್ಚಿದ ಸಮಯ ಬರೆಯಿರಿ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ, ಅರ್ಧ ತಾಸಿಗೆ ಮತ್ತೊಂದು ಗೆರೆ. ಡಾಕ್ಟರಿಗೆ ಅದಕ್ಕಿಂತ ಒಳ್ಳೆ ಮಾಹಿತಿ ಇನ್ನೊಂದಿಲ್ಲ. ಆಸ್ಪಿರಿನ್, ಬ್ರೂಫೆನ್ ಥರದ ನೋವಿನ ಮಾತ್ರೆ ಕೊಡಬೇಡಿ, ರಕ್ತ ಸುರಿಯೋದು ಹೆಚ್ಚಾದೀತು. ಹಾವು ಹಿಡಿಯಲು, ಕೊಲ್ಲಲು ಹೋಗಬೇಡಿ. ನಮ್ಮಲ್ಲಿ ಸಿಗುವ ಪ್ರತಿವಿಷದ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿ ಒಂದೇ. ದೂರದಿಂದ ಫೋಟೋ ಸಿಕ್ಕರೆ ಸರಿ, ಸಿಗದಿದ್ದರೆ ಬಿಡಿ.

ಕಟ್ಟುಹಾವಿನ ಬಗ್ಗೆ ಮಾತ್ರ ಒಂದು ಮಾತು ಜಾಸ್ತಿ. ಬಯಲಲ್ಲಿ ಟೆಂಟ್ ಇಲ್ಲದೆ ನೆಲದ ಮೇಲೆ ಮಲಗುವವರಿಗೆ ಇದು ರಾತ್ರಿ ನಿದ್ದೆಯಲ್ಲಿ ಕಚ್ಚುತ್ತದೆ. ನೋವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಗುರುತೂ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವು ಅಂತ ಏಳುತ್ತಾರೆ, ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ನುಂಗೋಕೆ ಆಗಲ್ಲ, ಉಸಿರು ಸಣ್ಣದಾಗುತ್ತದೆ. ಉಸಿರು ನಿಂತರೂ ಕೈಬಿಡಬೇಡಿ, ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುತ್ತಲೇ ಆಸ್ಪತ್ರೆ ಮುಟ್ಟಿಸಿ. ಅಲ್ಲಿ ಯಂತ್ರದ ಉಸಿರು ಸಿಕ್ಕರೆ ಬದುಕುತ್ತಾರೆ. ಸೊಳ್ಳೆ ಪರದೆಯ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿ ಮಲಗಿ, ಮುಕ್ಕಾಲು ಅಪಾಯ ಅಲ್ಲೇ ಕಳೆಯುತ್ತದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆದರೂ ನಿಮ್ಮ ಗುಡ್ಡದಿಂದ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ, ವೆಂಟಿಲೇಟರ್ ಎಲ್ಲಿದೆ ಅಂತ ಹೊರಡುವ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ.

ಕೆಂಪು ಚೇಳು ಕುಟುಕಿದಾಗ ನೋವು ಮಾತ್ರ ಇದ್ದರೆ ಒಂದು ಥರ. ಮೈಯೆಲ್ಲ ಬೆವರು, ವಾಂತಿ, ಕೈ ಕಾಲು ತಣ್ಣಗೆ, ಎದೆ ಡವಡವ ಅಂದರೆ ಅದು ಹೃದಯಕ್ಕೆ ಹತ್ತಿದೆ, ಮಕ್ಕಳಾದರೆ ಇನ್ನೂ ಅಪಾಯ. ಇದಕ್ಕೆ ಪ್ರಾಜೋಸಿನ್ ಅನ್ನುವ ಮಾತ್ರೆ ಬಳಸಬಹುದು ಅಂತ ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡದ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್. ದೊಡ್ಡ ಲ್ಯಾಬಿನಲ್ಲಲ್ಲ, ತಮ್ಮ ಕಡೆಯ ಹಳ್ಳಿ ರೋಗಿಗಳನ್ನು ನೋಡುತ್ತ ನೋಡುತ್ತ. ಆ ಮಾತ್ರೆ ಕೊಡೋದು ಡಾಕ್ಟರ ಕೆಲಸ, ನಮ್ಮದಲ್ಲ. ನಮ್ಮದು ಬೇಗ ಮುಟ್ಟಿಸೋದು.

ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ, ಕೈ ಬೀಸಬೇಡಿ, ನೀರಿಗೆ ಹಾರಬೇಡಿ. ದೂರ ಬಂದ ಮೇಲೆ ಮುಳ್ಳುಗಳನ್ನು ಹೇಗಾದರೂ ಬೇಗ ಕೆರೆದು ತೆಗೆಯಿರಿ. ತುಟಿ, ನಾಲಿಗೆ ಊದಿದರೆ, ಉಸಿರಿಗೆ ಸೀಟಿ ಬಂದರೆ, ಒಂದೇ ಮುಳ್ಳಾದರೂ ಅದು ತುರ್ತು, ಬೇಕಾದದ್ದು ಅಡ್ರಿನಾಲಿನ್ ಇಂಜೆಕ್ಷನ್. ಅಲರ್ಜಿ ಇದೆ ಅಂತ ಗೊತ್ತಿದ್ದವರು ತಮ್ಮ ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಂಡು ಬರಲಿ.

ಕರಡಿ ಬಗ್ಗೆ ಕೇಳುತ್ತಾರೆ, ಕೇಳಲೇಬೇಕು. ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆಗಿದೆ, ಆದರೆ ಕರಡಿಗೆ ಬೇಲಿ ಗೊತ್ತಿಲ್ಲ, ಬಂಡೆ ಇರುವ ಕಡೆಯೆಲ್ಲ ಅದರ ಊರೇ. ಬೆಳಗಾಗುವ ಮುಂಚೆ, ಹೊತ್ತು ಮುಳುಗಿದ ಮೇಲೆ ಗವಿಗಳ ಹತ್ತಿರ ಹೋಗಬೇಡಿ, ಮಾತಾಡುತ್ತ ನಡೆಯಿರಿ. ಕರಡಿ ಪರಚೋದು ತಲೆ, ಮುಖವನ್ನೇ. ನೆತ್ತಿಯ ಚರ್ಮ ಕಿತ್ತು ಬಂದಿದ್ದರೆ ನೋಡೋಕೆ ಭಯಂಕರ, ರಕ್ತವೂ ವಿಪರೀತ. ಕಿತ್ತ ಚರ್ಮವನ್ನು ಇದ್ದ ಜಾಗಕ್ಕೇ ಮಗುಚಿ, ಶುಭ್ರ ಬಟ್ಟೆ ಇಟ್ಟು, ತಲೆಬುರುಡೆ ಬಿರುಕು ಬಿಟ್ಟಿಲ್ಲ ಅಂತ ನೋಡಿಕೊಂಡು ಒತ್ತಿ ರುಮಾಲು ಸುತ್ತಿ. ಬಾಯಿಯ ರಕ್ತ ಗಂಟಲಿಗೆ ಇಳಿಯದ ಹಾಗೆ ಮುಂದಕ್ಕೆ ಬಾಗಿಸಿ ಇಲ್ಲವೇ ಮಗ್ಗುಲಿಗೆ ಮಲಗಿಸಿ.

ಹೊಳೆ

ತುಂಗಭದ್ರೆ ನೋಡೋಕೆ ತಣ್ಣಗಿರುತ್ತದೆ. ಬಂಡೆಗಳ ನಡುವಿನ ಸುಳಿ ಮೇಲೆ ಕಾಣಲ್ಲ. ಈಜು ಬಂದರೂ ಹಾರಬೇಡಿ, ಹಗ್ಗ ಎಸೆಯಿರಿ, ಖಾಲಿ ಕ್ಯಾನ್ ಎಸೆಯಿರಿ. ಮೇಲೆ ತಂದವರನ್ನು ತಲೆಕೆಳಗು ಮಾಡಿ ತಿರುಗಿಸೋದು, ಹೊಟ್ಟೆ ಒತ್ತಿ ನೀರು ತೆಗೆಯೋದು ಇನ್ನೂ ನಡೆಯುತ್ತಿದೆ, ತಡೆಯಿರಿ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ, ಗದ್ದ ಎತ್ತಿ, ಮೊದಲು ಎರಡು ಉಸಿರು ಕೊಡಿ. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಆಮೇಲೆ ಎದೆಯ ನಡುವೆ 30 ಸಲ ಒತ್ತು, 2 ಉಸಿರು, ಹಾಗೇ ಮುಂದುವರಿಸಿ. ಒತ್ತೋದು 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ, ಎಂಥ ಗಟ್ಟಿ ಆಳಿಗೂ ತೋಳು ಸೋಲುತ್ತದೆ.

ಹೊರಬೇಕಾ, ಕಾಯಬೇಕಾ

ಹೊರೋದು ಅಂದುಕೊಂಡಷ್ಟು ಸುಲಭ ಅಲ್ಲ. ಎರಡು ಬಿದಿರು ಗಳ, ಒಂದು ಕುರುಬರ ಕಂಬಳಿ ಸಾಕು. ಕಂಬಳಿ ಹಾಸಿ, ಒಂದು ಗಳ ಮೂರನೇ ಒಂದು ಭಾಗದಲ್ಲಿಟ್ಟು ಅದರ ಮೇಲೆ ಮಡಚಿ, ಇನ್ನೊಂದು ಗಳ ಆ ಮಡಿಕೆಯ ಮೇಲಿಟ್ಟು ಉಳಿದದ್ದನ್ನು ಮಡಚಿ. ರೋಗಿಯ ತೂಕವೇ ಅದನ್ನು ಬಿಗಿ ಹಿಡಿಯುತ್ತದೆ. ಮೊದಲು ಗಟ್ಟಿ ಮನುಷ್ಯನನ್ನು ಮಲಗಿಸಿ ಎತ್ತಿ ನೋಡಿ. ಹೊರಲು ಆರು ಜನ, ಬದಲಿಗೆ ಇನ್ನಾರು ಇದ್ದರೆ ಒಳ್ಳೆಯದು. ನಮ್ಮ ಅಭ್ಯಾಸದಲ್ಲಿ ನಾನೂರು ಮೀಟರ್ ಬಂಡೆ ದಾರಿಗೆ ನಲವತ್ತು ನಿಮಿಷ ಹಿಡಿಯಿತು, ಮಲಗಿದ್ದವನು ಎರಡು ಸಲ ಜಾರಿದ. ಅವನು ಸುಮ್ಮನೆ ರೋಗಿಯ ಪಾತ್ರ ಮಾಡುತ್ತಿದ್ದವನು, ಹಾಗಾಗಿ ಬೈದ. ನಿಜವಾದ ರೋಗಿಗೆ ಬೈಯೋ ಶಕ್ತಿಯೂ ಇರಲ್ಲ.

ಜನ ಕಡಿಮೆ ಇದ್ದರೆ ಕಾಯಿರಿ, ಇಬ್ಬರನ್ನು ಕಳಿಸಿ. ಒಬ್ಬನನ್ನೇ ಕಳಿಸಬೇಡಿ. 108 ಅಥವಾ 112. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112 ಹೋಗಬಹುದು, ಒತ್ತಿ ನೋಡಿ. ಇಂಟರ್ನೆಟ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ನಡೆಯುತ್ತದೆ, ಅಕ್ಷಾಂಶ ರೇಖಾಂಶ ನೋಡಿ ಬರೆದುಕೊಡಿ. ಅದರ ಜೊತೆಗೆ ಊರವರ ಭಾಷೆಯ ಗುರುತೂ ಬೇಕು: ಯಾವ ಹೊಲದ ಹಿಂದೆ, ಯಾವ ಗುಡಿಯ ಬಲಕ್ಕೆ. ಗಾಡಿಯವರನ್ನು ದಾರಿಗೆ ತರೋದು ಕೊನೆಗೆ ಕುರಿ ಕಾಯುವ ಅಜ್ಜನೇ. ಹತ್ತುವಾಗಲೇ ಅವರನ್ನು ಮಾತಾಡಿಸಿ, ಎಲ್ಲಿಗೆ ಹೋಗುತ್ತೀವಿ ಅಂತ ಹೇಳಿ ಹೋಗಿ.

ಚೀಲದ ವಿಷಯಕ್ಕೆ ಉದ್ದ ಪಟ್ಟಿ ಬೇಡ. ಕೈಗವಸು ನಾಲ್ಕು ಜೊತೆ, ಅಗಲ ಕ್ರೇಪ್ ಬ್ಯಾಂಡೇಜ್ ಮೂರು, ಗಾಜ್ ಒಂದಿಷ್ಟು, ಬಟ್ಟೆ ಕತ್ತರಿಸುವ ಗಟ್ಟಿ ಕತ್ತರಿ, ಒಆರ್‌ಎಸ್ ಆರು ಪೊಟ್ಟಣ, ಪ್ಯಾರಾಸಿಟಮಾಲ್, ಟಾರ್ಚು, ಸೀಟಿ, ಎರಡು ಹತ್ತಿ ರುಮಾಲು, ತೆಳು ಹಗ್ಗ, ಗಾಯ ತೊಳೆಯೋಕೆ ಒಂದು ಲೀಟರ್ ಬೇರೆಯದೇ ನೀರು. ಅದಕ್ಕೆ ಅರಿಶಿನ, ಕಾಫಿಪುಡಿ, ಟೂತ್‌ಪೇಸ್ಟ್ ಸೇರಿಸೋಕೆ ಬರುವ ಹಿರಿಯರಿಗೆ ಕೈ ಮುಗಿದು ಬೇಡ ಅನ್ನಿ. ಸರಿದ ಕೀಲು ಎಳೆದು ಕೂರಿಸೋದು, ಹೊಲಿಗೆ ಹಾಕೋದು, ಇಂಜೆಕ್ಷನ್ ಕೊಡೋದು ನಮ್ಮ ಕೆಲಸ ಅಲ್ಲ. ಮತ್ತೆ ಒಂದು ಸಣ್ಣ ನೋಟ್‌ಬುಕ್, ಎರಡು ಪೆನ್ನು. ಎರಡು ಯಾಕೆ ಅಂದರೆ ಒಂದು ಯಾವತ್ತೂ ಬರೆಯಲ್ಲ.

ಆ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ನಾನು ಆ ಭಾನುವಾರದ ಚೀಟಿಯನ್ನೇ ಮಾದರಿ ಅಂತ ಬರೆದಿಟ್ಟಿದ್ದೇನೆ, ಅಂದು ಬರೆಯದೆ ಹೋದದ್ದನ್ನು ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೆನಪು ಮಾಡಿ ಮಾಡಿ ತುಂಬಿಸಿದ್ದು. ಹೊಸಬರು ಬಂದಾಗ ಇದನ್ನೇ ಕಾಪಿ ಮಾಡಿಸುತ್ತೇನೆ:

"ಗಂಡಸು, 34. ಬೆಳಿಗ್ಗೆ 8:10ಕ್ಕೆ ಬಂಡೆಯಿಂದ ಜಾರಿದ್ದು, ಎತ್ತರ ಸುಮಾರು 5 ಅಡಿ. ತಲೆ ತಿರುಗಿ ಬಿದ್ದದ್ದಲ್ಲ. ತಲೆಗೆ, ಬೆನ್ನಿಗೆ ಪೆಟ್ಟಿಲ್ಲ. ಬಲಗಾಲಿನ ಹರಡು ಊದಿದೆ, ಪಾದ ಹೊರಕ್ಕೆ ತಿರುಗಿದೆ, ಚರ್ಮ ಒಡೆದಿಲ್ಲ. ಬೆರಳು: ಗೊತ್ತಿಲ್ಲ, ನೋಡಲಿಲ್ಲ. ನಾಡಿ: ಗೊತ್ತಿಲ್ಲ, ಎಣಿಸಲಿಲ್ಲ. ಅಲರ್ಜಿ ಇಲ್ಲ, ಕಾಯಿಲೆ ಇಲ್ಲ. 7 ಗಂಟೆಗೆ ಎರಡು ಮಿರ್ಚಿ, ಒಂದು ಪ್ಲೇಟ್ ವಗ್ಗರಣಿ, ಚಹಾ. 8:20ಕ್ಕೆ ನಿಲ್ಲಿಸಿದೆವು, ಎಚ್ಚರ ತಪ್ಪಿತು, ಒಂದು ನಿಮಿಷದೊಳಗೆ ಬಂತು. ನೋವಿನ ಮಾತ್ರೆ ಒಂದು ಕೊಟ್ಟಿದೆ, ಹೆಸರು ಗೊತ್ತಿಲ್ಲ. ರಸ್ತೆ ಮುಟ್ಟಿದ್ದು 10:40."